ಬೆಂಚು ಮಂಡಳಿಗೆ ವಿವೇಚನೆ ಸೇರಿಸಿದ್ದು

ಸಾರ್ವಜನಿಕ ಬೆಂಚುಗಳ ಮಂಡಳಿಯಲ್ಲಿ ಯೋಚಿಸುವ ಕೆಲಸವನ್ನು ಈವರೆಗೆ ಯಾರಿಗೂ ವಹಿಸಿಲ್ಲವೆಂಬ ಅಂಶ ವಾರ್ಷಿಕ ತಪಾಸಣೆಯಲ್ಲಿ ಕಂಡುಬಂದದ್ದರಿಂದ, ಸದರಿ ಕೆಲಸವನ್ನು ಕಂಪ್ಯೂಟರಿಗೆ ವಹಿಸತಕ್ಕದ್ದೆಂದು ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಈ ತೀರ್ಮಾನಕ್ಕೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಯಾರ ಕೈಯಲ್ಲೂ ಇಲ್ಲದ ಕೆಲಸವನ್ನು ಕಿತ್ತುಕೊಂಡರೆ ಯಾರಿಗೇನು ನಷ್ಟ?

ಉದ್ಯಾನ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಜನ ಕೂರಲು ಬೆಂಚು ಹಾಕಿಸುವುದು, ಮುರಿದರೆ ರಿಪೇರಿ ಮಾಡಿಸುವುದು ಮಂಡಳಿಯ ಕೆಲಸ. ಇದಕ್ಕೆಂದು ಒಂದು ಪ್ರೋಗ್ರಾಮ್ ಮೊದಲಿನಿಂದಲೂ ಇತ್ತು. ಅದನ್ನು ಬರೆದ ಕಂಪ್ಯೂಟರ್ ಭಾಷೆ ಹಳೇ ಕಾಲದ್ದು. ಇದು ಮಾಡು ಎಂದರೆ ಇದು ಮಾಡುತ್ತಿತ್ತು, ಆಮೇಲೆ ಅದು ಮಾಡು ಎಂದರೆ ಅದು ಮಾಡುತ್ತಿತ್ತು. ಹೇಳದೇ ಇದ್ದದ್ದನ್ನು ಸತ್ತರೂ ಮಾಡುತ್ತಿರಲಿಲ್ಲ. ಮಂಡಳಿಯ ನೌಕರರಿಗೆ ಅದರ ಮೇಲೆ ಒಂದು ಬಗೆಯ ಬಂಧುಪ್ರೀತಿ ಇತ್ತು. ಈಗ ಬೇಕಾಗಿದ್ದದ್ದು ಬೇರೆ ಜಾತಿಯದು. ಅದಕ್ಕೆ ಕೆಲಸ ಹೇಳುವಂತಿಲ್ಲ, ನಿಯಮ ಮಾತ್ರ ಹೇಳಬೇಕು. 'ಹೀಗಿದ್ದರೆ ಹಾಗೆಂದು ತಿಳಿ' ಎಂದು ನಾಲ್ಕು ನಿಯಮ ಕೊಟ್ಟರೆ, ಅದು ತಾನೇ ಒಂದಕ್ಕೊಂದು ಗಂಟು ಹಾಕಿ ಐದನೆಯ ಮಾತನ್ನು ಹೊರಡಿಸಬೇಕು.

ಅಂಥ ಹೊಸ ಭಾಷೆಯೊಂದನ್ನು ತರಿಸಬಹುದಿತ್ತು. ಆದರೆ 'ಖರೀದಿ' ಎಂದರೆ ಟೆಂಡರು, ಟೆಂಡರು ಎಂದರೆ ತಕರಾರು. 'ಸೇರ್ಪಡೆ' ಎಂದರೆ ಬರೀ ಒಂದು ಸಹಿ. ಹೀಗಾಗಿ ಹಳೆಯ ಭಾಷೆಗೇ ವಿವೇಚನೆಯನ್ನು ಸೇರಿಸುವುದೆಂದಾಯಿತು, ಹಳೇ ಮನೆಯ ಮೇಲೆ ಮಹಡಿ ಎಬ್ಬಿಸಿದ ಹಾಗೆ. ಕೆಳಗಿನ ಗೋಡೆ ತಾಳುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳುವುದೂ ಯೋಚಿಸುವ ಕೆಲಸದೊಳಗೇ ಬರುತ್ತದೆ.

ಸಹಿ ಬಿದ್ದ ಹಾಳೆ ಬಂದು ಕೂತದ್ದು ಹಂಗಾಮಿಯ ಮೇಜಿನ ಮೇಲೆ. ಮಂಡಳಿಗಿದ್ದ ಒಬ್ಬಳೇ ಪ್ರೋಗ್ರಾಮರ್ ಅವಳು. ಕೆಲಸಕ್ಕೆ ಸೇರುವಾಗ ಆದೇಶದಲ್ಲಿ 'ಹಂಗಾಮಿ' ಎಂದು ಬರೆದಿದ್ದರು. ಅದೇ ಹೆಸರಾಗಿ ನಿಂತುಬಿಟ್ಟಿತು. ಅವಳ ಜೊತೆಗೇ ಬಂದ ಗೋಡೆ ಗಡಿಯಾರ ಕೆಟ್ಟು, ಅದರ ಜಾಗಕ್ಕೆ ಬಂದದ್ದೂ ಕೆಟ್ಟು, ಈಗ ಅಲ್ಲಿ ಮೊಳೆ ಮಾತ್ರ ಇದೆ. ಹಂಗಾಮಿ ಹಂಗಾಮಿಯಾಗಿಯೇ ಇದ್ದಳು.

ಅವಳ ಗಂಡ ದರ್ಜಿ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಅತ್ತೆ ಮೂವರ ಸಂಸಾರ. ಅಂಗಡಿಯಲ್ಲಿ ಹಿಡಿಸದ ಬಟ್ಟೆಯ ಗಂಟುಗಳೆಲ್ಲ ಕೋಣೆಗೆ ಬರುತ್ತಿದ್ದವು. ಮಂಚದ ಮೇಲೆ ಬಟ್ಟೆ, ಸ್ಟೂಲಿನ ಮೇಲೆ ಬಟ್ಟೆ, ಕಿಟಕಿಯಂತೂ ಇರಲೇ ಇಲ್ಲ. ಊರಿಗೆಲ್ಲ ಕೂರಲು ಜಾಗ ಮಾಡಿಕೊಡುವ ಮಂಡಳಿಯವಳ ಮನೆಯಲ್ಲಿ ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಗಿರಾಕಿ ಬಂದರೆ ಗೋಡೆ ಹಿಡಿದು ಎದ್ದು ದಾರಿ ಬಿಡಬೇಕು, ಹೋದ ಮೇಲೆ ಮತ್ತೆ ಗೋಡೆ ಹಿಡಿದು ಕೂರಬೇಕು. ಅವರ ಎರಡೂ ಮಂಡಿ ಕೈಕೊಟ್ಟಿದ್ದವು. ಕಾಯಂ ನೌಕರರಿಗಾದರೆ ಮಂಡಳಿಯ ಕ್ವಾರ್ಟರ್ಸ್ ಸಿಗುತ್ತದೆ: ಎರಡು ಕೋಣೆ, ಅಡುಗೆಮನೆ, ಬೀದಿಯ ಕಡೆಗೊಂದು ದೊಡ್ಡ ಕಿಟಕಿ. ಆ ಕಿಟಕಿಯ ಪಕ್ಕದಲ್ಲಿ ಅತ್ತೆಯನ್ನು ಕೂರಿಸಬೇಕೆಂಬುದು ಹಂಗಾಮಿಯ ಆಸೆ. ಕಾಯಂ ಮಾಡಿ ಎಂದು ಅವಳು ವರ್ಷ ವರ್ಷವೂ ಅರ್ಜಿ ಕೊಡುತ್ತಿದ್ದಳು. ಅರ್ಜಿ ಒಳಗೆ ಹೋಗುತ್ತಿತ್ತು. ಅಷ್ಟೇ.

"ಇದೊಂದು ಆಗ್ಲಿ ನೋಡಿ, ನಿಮ್ಮದು ತಾನಾಗೇ ಆಗುತ್ತೆ" ಎಂದರು ನಿರ್ದೇಶಕರು, ಸಹಿ ಒಣಗಲೆಂದು ಹಾಳೆಯನ್ನು ಬೀಸುತ್ತ.

"ತಾನಾಗೇ ಅಂದ್ರೆ ಸರ್?"

"ನಿಯಮ ಎಲ್ಲಾ ಅದರೊಳಗೆ ಹಾಕ್ತೀರಲ್ಲಮ್ಮ. ಯಾರು ಕಾಯಂ, ಯಾರು ಅಲ್ಲ ಅಂತ ಅದೇ ಹೇಳುತ್ತೆ. ನಡುವೆ ನಾನ್ಯಾಕೆ ಕೆಟ್ಟೋನಾಗ್ಲಿ?"

ಹಂಗಾಮಿಗೆ ಈ ಮಾತು ಬಹಳ ಹಿಡಿಸಿತು. ಮನುಷ್ಯರಿಗೆ ಮರೆವಿದೆ, ಮುಲಾಜಿದೆ. ಕಂಪ್ಯೂಟರಿಗೆ ಅದಾವುದೂ ಇಲ್ಲ. ಇಷ್ಟು ವರ್ಷ ಒಂದು ದಿನ ತಪ್ಪದೆ ಬಂದಿದ್ದೇನೆ, ನಿಯಮ ನೆಟ್ಟಗಿದ್ದರೆ ಉತ್ತರವೂ ನೆಟ್ಟಗೆ ಬಂದೇ ಬರುತ್ತದೆ ಎಂದುಕೊಂಡಳು. ಪಾಪ, ಓದಿದವಳು.

ಮಾರನೆಯ ದಿನ ಸುತ್ತೋಲೆ ಹೊರಟಿತು.

"ಈ ಮೂಲಕ ಸಮಸ್ತ ಶಾಖೆಗಳಿಗೆ ತಿಳಿಯಪಡಿಸುವುದೇನೆಂದರೆ, ಪ್ರತಿಯೊಂದು ಶಾಖೆಯೂ ತಾನು ಅನುಸರಿಸುತ್ತಿರುವ ನಿಯಮಗಳನ್ನು ಪ್ರೋಗ್ರಾಮರಿಗೆ ಒದಗಿಸತಕ್ಕದ್ದು. ನಿಯಮಪುಸ್ತಕದಲ್ಲಿರುವ ನಿಯಮಗಳನ್ನು ಒದಗಿಸಿ ಗೊಂದಲ ಉಂಟುಮಾಡತಕ್ಕದ್ದಲ್ಲ."

ಎರಡನೆಯ ವಾಕ್ಯ ಸೂಪರಿಂಟೆಂಡೆಂಟರದ್ದು. ಅವರನ್ನು ಕಚೇರಿಯಲ್ಲಿ ಷರಾ ಸಾಹೇಬರು ಎನ್ನುತ್ತಿದ್ದರು. ಯಾವ ಕಾಗದ ಬಂದರೂ ಅಂಚಿನಲ್ಲೊಂದು ಷರಾ ಬರೆಯದೆ ಮುಂದಕ್ಕೆ ಬಿಟ್ಟವರಲ್ಲ. ಸ್ವಂತ ಮಗಳ ಮದುವೆ ಕರೆಯೋಲೆಯ ಕರಡಿನ ಮೇಲೂ 'ವರನ ಬಗ್ಗೆ ಹೆಚ್ಚಿನ ವಿವರ ಅಗತ್ಯ' ಎಂದು ಬರೆದಿದ್ದರಂತೆ. ಮನುಷ್ಯ ಕೆಟ್ಟವರಲ್ಲ.

"ಪುಸ್ತಕದ್ದು ಹಾಕಿದ್ರೆ ಕಂಪ್ಯೂಟರ್ ಒಂದು ಹೇಳುತ್ತೆ, ನಾವೊಂದು ಮಾಡ್ತೀವಿ. ಪಾಪ, ಅದಕ್ಕೆ ಬೇಜಾರಾಗಲ್ವೇನಮ್ಮಾ?" ಎಂದು ಹಂಗಾಮಿಗೆ ತಿಳಿಹೇಳಿದರು.

ಶಾಖೆಗಳು ಎಂದೂ ಇಲ್ಲದ ಉತ್ಸಾಹದಿಂದ ನಿಯಮ ಕಳಿಸಿದವು. ದೂರು ಶಾಖೆಯಿಂದ ಬಂದದ್ದು: ಮುರಿದ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ, ಯಾರೂ ಕೂರದ ಬೆಂಚು ಯಾರಿಗೂ ಬೇಡವಾದದ್ದು, ಯಾರಿಗೂ ಬೇಡವಾದದ್ದರ ಬಗ್ಗೆ ದೂರು ಬರಲಾರದು, ಬಂದಿದ್ದರೆ ಅದು ದೂರಲ್ಲ. ದಾಖಲೆ ಶಾಖೆಯವರು ಒಂದೇ ಸಾಲು ಬರೆದಿದ್ದರು: ನಮ್ಮ ದಾಖಲೆಯಿಂದ ಸಾಬೀತಾಗದ್ದು ಲೋಕದಲ್ಲಿ ಇಲ್ಲವೆಂದೇ ತಿಳಿ. ಸಭೆಗಳ ಶಾಖೆಯದು: ಯಾರೂ ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದರೆಂದು ತಿಳಿ.

ಹಾಜರಾತಿಯ ನಿಯಮಕ್ಕೆ ಮಾತ್ರ ಸ್ವಲ್ಪ ಹಿನ್ನೆಲೆ ಬೇಕು. ಮಂಡಳಿಯ ಕಾಯಂ ನೌಕರರೆಲ್ಲ ಬೆಳಿಗ್ಗೆ ಬಂದು, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಹೊರಗೆ ಹೋಗುತ್ತಿದ್ದರು. ಕೆಲಸ ಯಾವುದೇ ಇರಲಿ, ಅದು ಹೊರಗೇ ಇರುತ್ತಿತ್ತು. ಕೋಟಿದೆ ಎಂದರೆ ಸಾಹೇಬರು ಇದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂದು ಬಂದ ಜನ ಕಾಯುತ್ತಿದ್ದರು. ಈ ಪದ್ಧತಿ ಎಷ್ಟು ಹಳೆಯದೆಂದರೆ, ಒಂದೆರಡು ಕೋಟುಗಳ ಯಜಮಾನರು ಯಾರೆಂಬುದೇ ಈಗಿನವರಿಗೆ ಮರೆತುಹೋಗಿತ್ತು. ಆದರೂ ಅವುಗಳ ಮುಂದೆ ಕಡತ ಇಡುವುದನ್ನು ಯಾರೂ ತಪ್ಪಿಸಿರಲಿಲ್ಲ. ಹಂಗಾಮಿಗೆ ಕೋಟು ಇರಲಿಲ್ಲ. ಹೊರಗೆ ಹೋಗಲು ಪುರುಸೊತ್ತೂ ಇರಲಿಲ್ಲ.

ಆದ್ದರಿಂದ ಸಿಬ್ಬಂದಿ ಶಾಖೆ ಕಂಡದ್ದನ್ನು ಕಂಡ ಹಾಗೇ ಬರೆದು ಕಳಿಸಿತು: ಕುರ್ಚಿಗೆ ಕೋಟಿದ್ದರೆ ಅಧಿಕಾರಿ ಹಾಜರೆಂದು ತಿಳಿ. ಇಂದು ಹಾಜರಿದ್ದವರು ನಿನ್ನೆಯೂ ಹಾಜರಿದ್ದರೆಂದು ತಿಳಿ. ಈ ಎರಡನೆಯದು ಹಾಜರಿ ಹಾಕಲು ಮರೆತವರ ಅನುಕೂಲಕ್ಕೆ. ಬಹುಕಾಲ ಹಾಜರಿದ್ದವರನ್ನು ಕಾಯಂ ಎಂದು ತಿಳಿ. ಅಧಿಕಾರಿಯ ಸಹಾಯಕರನ್ನು ಅಧಿಕಾರಿ ಹೇಳದೆ ಬಿಡುಗಡೆ ಮಾಡಬೇಡ. ಇದರ ಜೊತೆಗೆ ಗೇಟಿನ ವಾಚ್‌ಮನ್ ತನ್ನ ಅನುಭವದ ಮಾತನ್ನೂ ಸೇರಿಸಿದ್ದ: "ಕುರ್ಚೀಲಿ ಮನುಷ್ಯರೇ ಕೂತಿದ್ರೆ ಅವರು ಹಂಗಾಮಿ." ಪ್ರತಿ ದಿನ ಕೋಣೆ ಕೋಣೆಗೂ ಹೋಗಿ, ಯಾವ ಕುರ್ಚಿಗೆ ಕೋಟಿದೆ, ಯಾವ ಕುರ್ಚಿಯಲ್ಲಿ ಮನುಷ್ಯರಿದ್ದಾರೆ ಎಂದು ಕಂಪ್ಯೂಟರಿಗೆ ಒತ್ತಿ ತಿಳಿಸುವ ಹೊಣೆಯೂ ಅವನದೇ ಆಯಿತು.

ಹಂಗಾಮಿ ಒಂದೊಂದನ್ನೂ ಓದಿ ಒಳಗೆ ಹಾಕಿದಳು. ಬಿಡಿಬಿಡಿಯಾಗಿ ನೋಡಿದಾಗ ಅವುಗಳಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ಇಷ್ಟು ವರ್ಷ ಅವಳು ಬದುಕಿದ್ದದ್ದೂ ಅವುಗಳ ನಡುವೆಯೇ. ಹಳೆಯ ಭಾಷೆ ಮೊದಮೊದಲು ಮುಷ್ಕರ ಹೂಡಿತು. ನಿಯಮ ಕೊಟ್ಟರೆ 'ಸರಿ, ಈಗ ಏನು ಮಾಡಲಿ?' ಎಂದು ನಿಂತುಬಿಡುತ್ತಿತ್ತು. ಅವಳು ಬಿಡಲಿಲ್ಲ. ನಿಯಮಗಳನ್ನು ಒಂದರ ಬಾಲಕ್ಕೆ ಒಂದನ್ನು ಕಟ್ಟಿ ನಡೆಸುವ ಭಾಗವನ್ನು ಬೇರೆಯೇ ಬರೆದು ಹಳೆಯದರ ಹೊಟ್ಟೆಯೊಳಗೆ ಕೂರಿಸಿದಳು. ತನ್ನ ಖುಷಿಗೆ ಇನ್ನೊಂದನ್ನೂ ಮಾಡಿದಳು. ಕಂಪ್ಯೂಟರ್ ಏನು ಹೇಳಿದರೂ ಪಕ್ಕದಲ್ಲಿ 'ಏಕೆ' ಎಂಬ ಗುಂಡಿ ಒತ್ತಬಹುದು. ಒತ್ತಿದರೆ, ಯಾವ ನಿಯಮ ಹಿಡಿದು ಯಾವ ದಾರಿಯಲ್ಲಿ ಆ ತೀರ್ಮಾನಕ್ಕೆ ಬಂದೆನೆಂದು ಅದು ಒಪ್ಪಿಸುತ್ತದೆ. ಮಂಡಳಿಯ ಇತಿಹಾಸದಲ್ಲಿ ಯಾರೂ ಯಾರಿಗೂ ಇಂಥ ಸೌಲಭ್ಯ ಕೊಟ್ಟಿರಲಿಲ್ಲ.

ಉದ್ಘಾಟನೆಯ ದಿನ ನಿರ್ದೇಶಕರು ಖುದ್ದಾಗಿ ಬಂದು ಗುಂಡಿ ಒತ್ತಿದರು. ರಾಶಿ ಬಿದ್ದಿದ್ದ ದೂರುಗಳನ್ನೆಲ್ಲ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ ಮುಗಿಸಿ ಹೇಳಿತು: "ಊರಿನಲ್ಲಿ ಮುರಿದ ಬೆಂಚು ಇಲ್ಲ. ದೂರುಗಳೂ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಿರ್ದೇಶಕರು ಕಂಪ್ಯೂಟರಿನ ಬೆನ್ನು ತಟ್ಟಿದರು. "ಇಷ್ಟು ವರ್ಷ ರಿಪೇರಿ ರಿಪೇರಿ ಅಂತ ಸತ್ವಲ್ರೀ. ಯೋಚನೆ ಮಾಡಿದ್ರೆ ಸಾಕಾಗ್ತಿತ್ತು!" ಎಂದರು. ಊರಿನ ಗೋಡೆಗಳ ಮೇಲೆ ಅಂದೇ ಪ್ರಕಟಣೆ ಅಂಟಿಸಲಾಯಿತು: "ಮುರಿದ ಬೆಂಚುಗಳ ಮೇಲೆ ಕುಳಿತಿರುವ ಸಾರ್ವಜನಿಕರು, ಸದರಿ ಬೆಂಚುಗಳು ಮುರಿದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡು ಎಚ್ಚರಿಕೆಯಿಂದ ಕುಳಿತುಕೊಳ್ಳತಕ್ಕದ್ದು." ಜನರಿಗೂ ಸಮಾಧಾನವಾಯಿತು. ದೂರಿಗೆ ಉತ್ತರವಾದರೂ ಬಂತಲ್ಲ ಎಂದರು.

ಅಪಸ್ವರ ಹೊರಟದ್ದು ಒಂದೇ ಕಡೆ. ಯಾರೋ ಕುತೂಹಲಕ್ಕೆ 'ಏಕೆ' ಗುಂಡಿ ಒತ್ತಿಬಿಟ್ಟರು. ಕಂಪ್ಯೂಟರ್ ಎಲ್ಲರೆದುರಿಗೆ ದೂರು ಶಾಖೆ, ದಾಖಲೆ ಶಾಖೆಗಳ ನಿಯಮಗಳನ್ನು ಒಂದೊಂದಾಗಿ ತೋರಿಸತೊಡಗಿತು. ಕೋಣೆಯಲ್ಲಿ ಕೆಮ್ಮು ಹೆಚ್ಚಾಯಿತು.

"ಇದು ಹೀಗೆ ಎಲ್ಲರ ಮುಂದೇನೂ ಹೇಳಿಬಿಡುತ್ತಾ?" ಎಂದು ನಿರ್ದೇಶಕರು ಮೆಲ್ಲಗೆ ಕೇಳಿದರು.

"ಯಾರು ಕೇಳಿದ್ರೂ ಹೇಳುತ್ತೆ ಸರ್" ಎಂದಳು ಹಂಗಾಮಿ, ಹೆಮ್ಮೆಯಿಂದ.

"ಅಯ್ಯೋ, ಮರ್ಯಾದಸ್ಥರ ಮನೆ ಅಲ್ವೇನ್ರೀ ಇದು!"

ಷರಾ ಸಾಹೇಬರು ಆಗಲೇ ಪೆನ್ನು ತೆರೆದಿದ್ದರು. 'ಏಕೆ ಎಂಬ ಗುಂಡಿಯನ್ನು ಕಚೇರಿ ವೇಳೆಯಲ್ಲಿ ಒತ್ತತಕ್ಕದ್ದಲ್ಲ' ಎಂದು ಚೀಟಿ ಬರೆದು, ಗುಂಡಿಯ ಮೇಲೆಯೇ ಅಂಟಿಸಿದರು.

ಬೆಂಚಿನ ವಿಷಯ ಬಗೆಹರಿದ ಮೇಲೆ ಸಿಬ್ಬಂದಿಯ ಸರದಿ ಬಂತು. ಸುತ್ತೋಲೆ ಹೀಗಿತ್ತು: "ಕಾಯಂ ಎಂದು ಕಂಪ್ಯೂಟರ್ ಹೇಳಿದವರನ್ನು ಕಾಯಂ ಎಂದು ಪರಿಗಣಿಸಲಾಗುವುದು. ಹೇಳದ ಹಂಗಾಮಿಗಳನ್ನು ತಿಂಗಳ ಕೊನೆಗೆ ಬಿಡುಗಡೆ ಮಾಡಲಾಗುವುದು." ಮಂಡಳಿಯಲ್ಲಿ ಹಂಗಾಮಿ ಇದ್ದವಳು ಅವಳೊಬ್ಬಳೇ, ಆದರೂ ಗೌರವಕ್ಕೆ ಬಹುವಚನ ಬಳಸಿದ್ದರು. ಅಂದು ಬೆಳಿಗ್ಗೆ ಅವಳು ಅತ್ತೆಗೆ ಹೇಳಿಯೇ ಬಂದಿದ್ದಳು: "ಇವತ್ತು ಬರುತ್ತೆ ಅತ್ತೆ. ಕಿಟಕಿಗೆ ಪರದೆ ಯಾವ ಬಣ್ಣ ಬೇಕು ಯೋಚ್ನೆ ಮಾಡಿಟ್ಕೊಳ್ಳಿ."

ಕೋಟುಗಳೆಲ್ಲ ಒಂದೊಂದಾಗಿ ಕಾಯಂ ಎಂದು ಬಂದವು. ಕೊನೆಗೆ ಅವಳ ಕುರ್ಚಿ.

"ಹಾಜರಿಲ್ಲ. ಎಂದೂ ಇರಲಿಲ್ಲ."

ಹಂಗಾಮಿ ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದಳು. ಸುತ್ತಮುತ್ತ ನೋಡಿದಳು, ಕೋಟುಗಳ ಹೊರತು ಯಾರೂ ಇರಲಿಲ್ಲ. ಚೀಟಿ ಕಿತ್ತು ಗುಂಡಿ ಒತ್ತಿದಳು. ಕಂಪ್ಯೂಟರ್ ಬಹಳ ವಿನಯದಿಂದ ವಿವರಿಸಿತು. ಈ ಕುರ್ಚಿಗೆ ಕೋಟಿಲ್ಲ. ಕೋಟಿಲ್ಲದೆ ಹಾಜರಿ ಸಾಬೀತಾಗುವುದಿಲ್ಲ. ಸಾಬೀತಾಗದ್ದು ಇಲ್ಲ. ಇಂದು ಇಲ್ಲದವರು ನಿನ್ನೆ ಇದ್ದರೆನ್ನಲು ನಿಯಮವಿಲ್ಲ. ಕುರ್ಚಿಯಲ್ಲಿ ಯಾರೋ ಮನುಷ್ಯರು ಕೂತಿರುವುದು ವಾಚ್‌ಮನ್‌ನಿಂದ ತಿಳಿದಿದೆ. ಹಾಗಾಗಿ ಅವರು ಹಂಗಾಮಿ.

ಇಷ್ಟನ್ನೂ ಬರೆದು ಕಲಿಸಿದವಳು ತಾನೇ. ಅವಳಿಗೆ ಅಳು ಬಂತು. ಹೆತ್ತ ಮಗು ಬಾಗಿಲಲ್ಲಿ ನಿಂತು ಯಾರು ಬೇಕು ಎಂದು ಕೇಳಿದ ಹಾಗಾಗಿತ್ತು.

ಷರಾ ಸಾಹೇಬರು ಕೋಟು ಹಾಕಿಕೊಳ್ಳಲು ಸಂಜೆ ಬಂದಾಗ ಅವಳು ಎದುರಿಗೆ ಹೋಗಿ ನಿಂತಳು.

"ಸರ್, ನಾನು ದಿನಾ ಇಲ್ಲೇ ಇದ್ದೀನಲ್ಲ ಸರ್!"

"ಇದ್ದೀರಮ್ಮಾ, ಯಾರು ಇಲ್ಲ ಅಂದ್ರು? ನಾನೇ ಕಣ್ಣಾರೆ ನೋಡ್ತಾ ಇದ್ದೀನಿ. ಆದ್ರೆ ನಾನು ನೋಡಿದ್ದು ನಿಯಮ ಅಲ್ವಲ್ಲ."

"ನೀವೊಂದು ಷರಾ ಬರೆದುಕೊಡಿ ಸರ್. ಇವಳು ಇದ್ದಾಳೆ ಅಂತ."

ಷರಾ ಸಾಹೇಬರು ಜೀವಮಾನದಲ್ಲೇ ಮೊದಲ ಬಾರಿಗೆ ಪೆನ್ನನ್ನು ಜೇಬಿಗೆ ವಾಪಸು ಇಟ್ಟರು. "ಇಲ್ಲದೇ ಇರೋರ ಬಗ್ಗೆ ಷರಾ ಬರೆಯೋಕೆ ಬರಲ್ಲಮ್ಮಾ. ನಿಯಮ ತಿದ್ದಬೇಕು ಅಂದ್ರೆ ಸಮಿತಿ ಇದೆ. ನಾಳೇನೇ ಸಭೆ. ಬಂದು ಮನವಿ ಓದಿಬಿಡಿ. ನಮ್ಮ ಸಮಿತಿಯೋರು ಯಾರಿಗೂ ಎದುರಾಡೋರಲ್ಲ."

ಸಮಿತಿಯವರು ನಿಜಕ್ಕೂ ಸಾಧುಗಳು. ಮಾರನೆಯ ದಿನ ಉದ್ದ ಮೇಜಿನ ಸುತ್ತ ಕೋಟುಗಳು ಶಿಸ್ತಾಗಿ ಕೂತಿದ್ದವು. ಅಧ್ಯಕ್ಷರ ಕುರ್ಚಿಯದು ಬೂದು ಬಣ್ಣದ ದಪ್ಪ ಕೋಟು. ಸದಸ್ಯರವು ಅದಕ್ಕಿಂತ ತೆಳು. ಹಂಗಾಮಿ ಬಾಗಿಲ ಬಳಿ ನಿಂತು ಮನವಿ ಓದಿದಳು. ತನ್ನ ಸೇವೆ ಹೇಳಿದಳು, ಅತ್ತೆಯ ಮಂಡಿ ಹೇಳಿದಳು. ಒಂದು ಕೋಟಿನ ತೋಳು ಫ್ಯಾನಿನ ಗಾಳಿಗೆ ಕೊಂಚ ಅಲುಗಿದಾಗ ಅವಳಿಗೆ ಧೈರ್ಯ ಬಂತು.

"ಯಾರದಾದರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿದಳು.

ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನದಿದ್ದರೆ ಒಪ್ಪಿಗೆ. ಹಂಗಾಮಿ ಕೋಟುಗಳಿಗೆಲ್ಲ ಕೈಮುಗಿದು, ತನ್ನ ಕುರ್ಚಿಗೆ ಓಡಿ ಬಂದು ತಿದ್ದುಪಡಿಯನ್ನು ಒಳಗೆ ಹಾಕಿದಳು. ಕಂಪ್ಯೂಟರ್ ಕೊಂಚ ಯೋಚಿಸಿ ಹೇಳಿತು: "ಸಭೆ ಕ್ರಮಬದ್ಧವಾಗಿದೆ. ಸದಸ್ಯರೆಲ್ಲ ಹಾಜರಿದ್ದರು. ಆದರೆ ಮನವಿ ಓದಿದವರು ಯಾರೂ ಅಲ್ಲಿರಲಿಲ್ಲ. ಯಾರೂ ಓದದ ಮನವಿಯನ್ನು ಒಪ್ಪಲು ಬರುವುದಿಲ್ಲ."

ಅಂದು ಮನೆಗೆ ಬಂದವಳು ಮೆಟ್ಟಿಲ ಮೇಲೆ ಅತ್ತೆಯ ಪಕ್ಕದಲ್ಲೇ ಕುಸಿದಳು. ತಿಂಗಳ ಕೊನೆ ಹತ್ತಿರವಿತ್ತು. ಕಿಟಕಿ ಹಾಗಿರಲಿ, ಇದ್ದ ಕೆಲಸವೂ ಹೋಗುವುದರಲ್ಲಿತ್ತು. ಎಲ್ಲವನ್ನೂ ಹೇಳಿಕೊಂಡಳು.

"ಅಂದ್ರೆ ನೀನು ದಿನಾ ಹೋಗ್ತಿದ್ದಿದ್ದು ಅಲ್ಲಿಗೇ ತಾನೇ?" ಎಂದು ಅತ್ತೆ ಒಮ್ಮೆ ಖಾತ್ರಿ ಮಾಡಿಕೊಂಡರು. ಆಮೇಲೆ, "ಒಂದು ಕೋಟು ತಾನೇ ಬೇಕಾಗಿರೋದು? ದರ್ಜಿ ಹೆಂಡ್ತಿ ಕೋಟಿಲ್ಲ ಅಂತ ಅಳೋದಾ?"

ಒಳಗಿನಿಂದ ಗಂಡ ಮಿಷನ್ನು ನಿಲ್ಲಿಸದೆಯೇ ಕೂಗಿದ: "ಹೊಲಿದುಕೊಡ್ತೀನಿ. ಮುಂದಿನ ವಾರ ಬಂದು ತಗೊಂಡ್ಹೋಗು."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿರಬೇಕು. ಆದರೆ ದರ್ಜಿಯ ಮುಂದಿನ ವಾರ ಎಂದರೇನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆ ಗೋಡೆ ಹಿಡಿದು ಎದ್ದರು. ಮಂಚದ ಕೆಳಗಿನ ಟ್ರಂಕು ಎಳೆಸಿ, ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಕಂದು ಬಣ್ಣದ ಕೋಟೊಂದನ್ನು ತೆಗೆದರು. ತೀರಿಹೋದ ಮಾವನದು. ಅತ್ತೆ ಅದನ್ನು ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಮಗನಿಗೆ, ಅವನ ಮದುವೆಯ ದಿನ ಕೂಡ.

"ಬೇಡ ಅತ್ತೆ. ಮಾವನವರದ್ದು..." ಎಂದಳು ಹಂಗಾಮಿ.

"ತಗೊಂಡ್ಹೋಗೇ. ಇದ್ದಷ್ಟು ದಿನ ಒಂದು ಕಡ್ಡಿ ಎತ್ತಿ ಆಚೆ ಇಡ್ಲಿಲ್ಲ ಆ ಮನುಷ್ಯ. ನಾನೇ ನಾಲ್ಕು ಮನೆ ಪಾತ್ರೆ ತಿಕ್ಕಿ ಸಾಕ್ದೆ. ಈಗಲಾದ್ರೂ ದುಡೀಲಿ."

ಹಾಗೆಂದರೂ ಕೋಟಿನ ಕಾಲರನ್ನು ಎರಡು ಸಲ ಸವರಿದರು. ಗುಂಡಿಯೊಂದು ಸಡಿಲವಾಗಿದ್ದದ್ದನ್ನು ಮಗನ ಕೈಗೆ ಕೊಟ್ಟು ಅಲ್ಲೇ ನಿಂತು ಹೊಲಿಸಿದರು.

ಮರುದಿನ ಬೆಳಿಗ್ಗೆ ಹಂಗಾಮಿ ಕೋಟನ್ನು ತನ್ನ ಕುರ್ಚಿಯ ಬೆನ್ನಿಗೆ ಹಾಕಿ, ಅದಕ್ಕೆ ಒರಗದಂತೆ ತುದಿಯಲ್ಲಿ ಕೂತು ಕೆಲಸ ಶುರುಮಾಡಿದಳು. ಮಾವನ ಎದುರಿಗೆ ಒರಗಿ ಕೂರುವುದುಂಟೇ? ವಾಚ್‌ಮನ್ ಬಂದು ನೋಡಿ ಎರಡನ್ನೂ ಒತ್ತಿದ: ಕೋಟಿದೆ, ಮನುಷ್ಯರೂ ಇದ್ದಾರೆ. ಇಂಥ ಕುರ್ಚಿಯನ್ನು ಅವನು ಕಂಡಿರಲಿಲ್ಲ. ಕಂಪ್ಯೂಟರೂ ಕಂಡಿರಲಿಲ್ಲ. ಆದರೆ ನಿಯಮಗಳಿಗೆ ಅದು ಹೊಸದಾಗಿರಲಿಲ್ಲ.

ಕೋಟು ಇಂದು ಹಾಜರು. ಇಂದು ಹಾಜರಿದ್ದದ್ದರಿಂದ ನಿನ್ನೆಯೂ ಹಾಜರು, ನಿನ್ನೆ ಇದ್ದದ್ದರಿಂದ ಮೊನ್ನೆಯೂ. ಕಂಪ್ಯೂಟರ್ ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಮಂಡಳಿ ಹುಟ್ಟಿದ ದಿನದಲ್ಲಿ ನಿಂತಿತು, ಅದರಾಚೆ ಕುರ್ಚಿಗಳಿರಲಿಲ್ಲವಾದ್ದರಿಂದ. ಇಷ್ಟು ದೀರ್ಘ ಸೇವೆ ಸಲ್ಲಿಸಿದ ಅಧಿಕಾರಿಯನ್ನು ಕಾಯಂ ಎಂದು ತಿಳಿಯದೆ ಬೇರೆ ದಾರಿಯೇ ಇರಲಿಲ್ಲ. ಅದೇ ಕುರ್ಚಿಯಲ್ಲಿರುವ ಮನುಷ್ಯರು ಹಂಗಾಮಿ. ಅಧಿಕಾರಿಯ ಕುರ್ಚಿಯಲ್ಲಿ ಕೂತ ಹಂಗಾಮಿ ಎಂದರೆ ಅಧಿಕಾರಿಯ ಸಹಾಯಕಿ. ಅಧಿಕಾರಿಯ ಸಹಾಯಕಿಯನ್ನು ಅಧಿಕಾರಿ ಹೇಳದೆ ಬಿಡುಗಡೆ ಮಾಡುವಂತಿಲ್ಲ. ಕೋಟು ಏನೂ ಹೇಳಿರಲಿಲ್ಲ. ಹಂಗಾಮಿಯ ಕೆಲಸ ಉಳಿಯಿತು.

ಆದೇಶ ಬರೆಯಲು ಷರಾ ಸಾಹೇಬರು ಅವಳನ್ನು ಕರೆಸಿದರು.

"ಯಾರಮ್ಮಾ ಇವರು, ಹೊಸ ಸಾಹೇಬರು?"

"ನಮ್ಮ ಮಾವ ಸರ್. ಆದ್ರೆ ಅವರು ತೀರ್ಕೊಂಡು ಬಹಳ ವರ್ಷ ಆಯ್ತು ಸರ್." ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಷರಾ ಸಾಹೇಬರು ಪೆನ್ನು ಎತ್ತಿ ಹಿಡಿದು ಯೋಚಿಸಿದರು. "ತೀರ್ಕೊಂಡಿದ್ದು ನಮ್ಮ ದಾಖಲೇಲಿ ಇದೆಯಾ?"

"ಹೇಗಿರುತ್ತೆ ಸರ್? ಅವರು ಇಲ್ಲಿ ಕೆಲಸಕ್ಕೇ ಇರ್ಲಿಲ್ಲ."

"ಹಾಗಾದ್ರೆ ತೀರ್ಕೊಂಡಿಲ್ಲ ಬಿಡಿ" ಎಂದು ಅವರು ಸಂತೋಷದಿಂದ ಬರೆದು ಮುಗಿಸಿದರು. "ಒಳ್ಳೇದಾಯ್ತು. ಕುಟುಂಬ ಸಮೇತ ಕ್ವಾರ್ಟರ್ಸಿಗೆ ಬಂದುಬಿಡಿ ಅಂತ ಅವರಿಗೆ ತಿಳಿಸಿ."

ಹಂಗಾಮಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಇಷ್ಟು ವರ್ಷ ಜೀವ ತೇದವಳು ಅವಳು; ಬಂದ ದಿನವೇ ಕಾಯಂ ಆದವರು ಮಾವ. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಗಂಡನ ಮುಂದೆ ಹೇಳಿದರೆ ಅವನ ಅಪ್ಪ, ಅತ್ತೆಯ ಮುಂದೆ ಹೇಳಿದರೆ ಅವರ ಗಂಡ.

ಕ್ವಾರ್ಟರ್ಸಿಗೆ ಬಂದ ದಿನ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಯಾರಿಗೂ ಎದ್ದು ದಾರಿ ಬಿಡಬೇಕಾಗಿರಲಿಲ್ಲ. ಕೂತವರು ಸಂಜೆಯವರೆಗೆ ಏಳಲಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸಿದರು. ಹೊಸ ನೆರೆಯವರು ಪರಿಚಯ ಕೇಳಿದಾಗ, "ನಮ್ಮ ಯಜಮಾನರು ಬೆಂಚು ಮಂಡಳೀಲಿ ಇದ್ದಾರೆ" ಎಂದರು. ನೆರೆಯವರೂ ಮಂಡಳಿಯವರೇ. ಯಾವ ಕೋಟು ಎಂದು ಕೇಳಿ, ಕಂದು ಬಣ್ಣದ್ದೆಂದು ತಿಳಿದು, ಓ ಅವರಾ, ಬಹಳ ಶಾಂತ ಸ್ವಭಾವದವರು ಎಂದು ಹೊಗಳಿದರು.

ಈಗ ಬೆಳಿಗ್ಗೆ ಅತ್ತೆ ಕೋಟಿನ ಧೂಳು ಕೊಡವಿ, ತೋಳು ನೇರ ಮಾಡಿ ಸೊಸೆಯ ಕೈಗೆ ಕೊಡುತ್ತಾರೆ. ಸಂಜೆ ಬಂದ ಮೇಲೆ ತಮ್ಮ ಎದುರಿನ ಕುರ್ಚಿಗೆ ಹಾಕಿಸಿಕೊಂಡು ದಿನದ ಸಮಾಚಾರ ಹೇಳುತ್ತಾರೆ. ಹೀಗೆ ಒಂದು ಸಂಜೆ ಹಂಗಾಮಿಯನ್ನು ಕೇಳಿದರು: "ಅಲ್ವೇ, ನಿಂದು ಯಾವಾಗ ಕಾಯಂ ಆಗೋದು?"

"ನನ್ನ ಮೇಲಿನ ಅಧಿಕಾರಿ ಶಿಫಾರಸು ಮಾಡ್ಬೇಕು ಅತ್ತೆ."

"ಯಾರದು?"

ಹಂಗಾಮಿ ಎದುರಿನ ಕುರ್ಚಿಯ ಕಡೆ ನೋಡಿದಳು. ಅತ್ತೆಯೂ ನೋಡಿದರು.

"ಅಯ್ಯೋ, ಇಷ್ಟೇನಾ! ಮನೇಲೇ ಇಟ್ಕೊಂಡು ಊರೆಲ್ಲ ಅರ್ಜಿ ಕೊಟ್ಕೊಂಡು ತಿರುಗ್ತಿದ್ಯಲ್ಲೇ. ನೀನು ಒಳಗೆ ಹೋಗು, ನಾನು ಕೇಳ್ತೀನಿ."

ಹಂಗಾಮಿ ಅಡುಗೆಮನೆಗೆ ಹೋದಳು. ಹೊರಗೆ ಅತ್ತೆ ತಗ್ಗಿದ ಧ್ವನಿಯಲ್ಲಿ ಬಹಳ ಹೊತ್ತು ಮಾತಾಡಿದ್ದು ಕೇಳಿಸಿತು. ನಡುವೆ ಒಂದೆರಡು ಸಲ ಗದರಿಸಿದ್ದೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಕರೆದರು.

"ಕೇಳ್ದೆ ಕಣೇ. ನೋಡೋಣ ಅಂದ್ರು."

ಹಂಗಾಮಿ ಸೆರಗಿನಿಂದ ಕೈ ಒರೆಸಿಕೊಂಡು ಕೋಟಿಗೆ ಕೈಮುಗಿದಳು. ಇಷ್ಟು ವರ್ಷದಲ್ಲಿ ಅವಳ ಅರ್ಜಿಗೆ ಬಂದ ಮೊದಲ ಉತ್ತರ ಅದು.